ನಡೆಯಲು ಬಿಡುವು ಯಾರಿಗಿದೆ?

ನಮ್ಮ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಹೆಜ್ಜೆ ಎಣಿಸುವ ಸ್ಪರ್ಧೆ ನಡೆಯುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಯಾರ ಹೆಜ್ಜೆ ಹೆಚ್ಚೋ ಅವರಿಗೆ ಬಹುಮಾನ. ನಾನು ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಪಟ್ಟಿಯ ಮೊದಲ ಹತ್ತು ಹೆಸರುಗಳಲ್ಲಿ ಹೆಚ್ಚಿನವು ಮದುವೆಯಾಗದ ಹುಡುಗರವೇ. ಚಿಕ್ಕ ಮಕ್ಕಳಿರುವ ತಾಯಂದಿರನ್ನು ಹುಡುಕಬೇಕೆಂದರೆ ಪಟ್ಟಿಯ ಬುಡಕ್ಕೇ ಹೋಗಬೇಕು.

ಇದು ನಮ್ಮ ಆಫೀಸಿನ ಕಥೆಯಷ್ಟೇ ಅಲ್ಲ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ ಮಾಡಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 'ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್' ಪತ್ರಿಕೆಯಲ್ಲಿ 2024ರಲ್ಲಿ ಬಂದ ಅಧ್ಯಯನದ ಪ್ರಕಾರ, 2022ರಲ್ಲಿ ಭಾರತದ ವಯಸ್ಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಷ್ಟನ್ನೂ ಮಾಡುತ್ತಿರಲಿಲ್ಲ. ಗಂಡಸರಲ್ಲಿ 42%, ಹೆಂಗಸರಲ್ಲಿ 57%. 2000ನೇ ಇಸವಿಯಲ್ಲಿ ಒಟ್ಟು ಪ್ರಮಾಣ ಸುಮಾರು 22% ಇತ್ತು. ಐಸಿಎಂಆರ್ ನಡೆಸಿದ ಸಮೀಕ್ಷೆಯಲ್ಲೂ ಹಳ್ಳಿಯವರಿಗಿಂತ ಪೇಟೆಯವರೇ ಹೆಚ್ಚು ನಿಷ್ಕ್ರಿಯರು. ಇಪ್ಪತ್ತೆರಡು ವರ್ಷಗಳಲ್ಲಿ ದೇಶಕ್ಕೆ ದೇಶವೇ ಸೋಮಾರಿಯಾಯಿತು ಎಂದರೆ ನಾನಂತೂ ಒಪ್ಪುವುದಿಲ್ಲ.

"ದಿನಾ ಮನೆಗೆಲಸ ಮಾಡ್ತೀರಲ್ಲ, ಅದೇ ವ್ಯಾಯಾಮ" ಎಂದು ಹೆಂಗಸರಿಗೆ ಹೇಳುವವರು ಬಹಳ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸಕ್ಕೆ ಕೈಹಾಕುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಗಂಡಸರು 97. ಹತ್ತಿರಹತ್ತಿರ ಐದು ತಾಸು. ಆದರೆ ಒಲೆ ಮುಂದೆ ನಿಲ್ಲುವುದು, ಚಪಾತಿ ಲಟ್ಟಿಸುವುದು, ಬಟ್ಟೆ ಮಡಚುವುದು ಎಲ್ಲ ಹಗುರ ಚಟುವಟಿಕೆಯ ಲೆಕ್ಕಕ್ಕೆ ಸೇರುತ್ತವೆ. ಉಸಿರು ಏರುವುದಿಲ್ಲ, ಎದೆಬಡಿತ ಹೆಚ್ಚುವುದಿಲ್ಲ, ಮೈ ಮಾತ್ರ ದಣಿಯುತ್ತದೆ. ದಣಿದವಳಿಗೆ ವಾಕಿಂಗಿನ ಉಪದೇಶ ಬೇರೆ!

ಅಥಣಿ ಕಡೆಯ ಹಳ್ಳಿಯಿಂದ ನಮ್ಮ ಜೊತೆ ಇರಲು ಬಂದ ಅತ್ತೆಯವರದು ಇನ್ನೊಂದು ಬಗೆ. ಊರಲ್ಲಿ ಅವರು ಒಂದು ದಿನವೂ ವಾಕಿಂಗ್ ಮಾಡಿದವರಲ್ಲ. ಗುಡಿಗೆ ಹೋಗುತ್ತಿದ್ದರು, ಕಿರಾಣಿ ಅಂಗಡಿಗೆ, ಹೊಲಕ್ಕೆ, ಬಾಣಂತಿ ಇದ್ದ ಮನೆಗೆ ಹೋಗುತ್ತಿದ್ದರು. ಇಲ್ಲಿ ಏಳನೇ ಮಹಡಿ. ಶುಗರ್ ಏರಿತು, ಡಾಕ್ಟರು ನಡೆಯಲು ಹೇಳಿದರು. "ಯಾರ ಮನಿಗಿ ಹೋಗೂದೈತಿ? ಸುಮ್‌ಸುಮ್ನ ಗೇಟಿನ ಸುತ್ತ ತಿರಗಾಕ ನನಗೇನ ಹುಚ್ಚ ಹಿಡದೈತಿ?" ಎಂದರು ಅತ್ತೆ. ನನ್ನ ಬಳಿ ಉತ್ತರ ಇರಲಿಲ್ಲ. ಊರಿಂದ ಹಿರಿಯರನ್ನು ಕರೆತಂದ ನಿಮಗೂ ಈ ಪ್ರಶ್ನೆ ಹೊಸದಲ್ಲ ಅಂದುಕೊಳ್ಳುತ್ತೇನೆ.

ಕೊನೆಗೆ ಬಿ ವಿಂಗಿನಲ್ಲಿ ವಿಜಯಪುರ ಕಡೆಯ ಒಬ್ಬ ಅಜ್ಜಿ ಸಿಕ್ಕರು. ಈಗ ಸಂಜೆ ಇಬ್ಬರೂ ತರಕಾರಿ ತರಲು ನಡೆದೇ ಹೋಗುತ್ತಾರೆ. ಹೊರಟರೂ ದಾರಿ ಸಲೀಸಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ಊರು ಎನಿಸಿಕೊಂಡ ಪುಣೆಯಲ್ಲಿ ಇವತ್ತು ಫುಟ್‌ಪಾತ್ ಎಂದರೆ ಬೈಕ್ ನಿಲ್ಲಿಸುವ ಜಾಗ. ತೂಕದ ಚೀಲ ಹಿಡಿದ ಇಬ್ಬರು ಹಿರಿಯರು ರಸ್ತೆಗೆ ಇಳಿದೇ ನಡೆಯಬೇಕು. ಸೊಸೈಟಿಯಿಂದ ವಾರ್ಡ್ ಆಫೀಸಿಗೆ ಅರ್ಜಿ ಕೊಟ್ಟಿದ್ದೇವೆ, ನೋಡಬೇಕು.

ಮನೆಯಲ್ಲೂ ಒಂದು ಒಪ್ಪಂದವಾಗಿದೆ. ಮಂಗಳವಾರ, ಗುರುವಾರ, ಶನಿವಾರ ಬೆಳಗಿನ ಡಬ್ಬಿ ಗಂಡನ ಪಾಲು. ಆ ಹೊತ್ತಿಗೆ ನಾನು ಇಬ್ಬರು ಗೆಳತಿಯರೊಂದಿಗೆ ಬಾಣೇರ್ ಟೇಕಡಿ ಹತ್ತುತ್ತೇನೆ. ಕತ್ತಲು ಹರಿಯದೆ ಒಬ್ಬಳೇ ಹೋಗುವ ಧೈರ್ಯ ಇನ್ನೂ ಇಲ್ಲ. ಅಪ್ಪನ ಚಪಾತಿ ಭೂಪಟದ ಹಾಗಿರುತ್ತದೆ ಎಂದು ಮಗ ದೂರುತ್ತಾನೆ. ಡಬ್ಬಿ ಮಾತ್ರ ಖಾಲಿಯಾಗಿ ಬರುತ್ತದೆ.