ನೋಡದ ಕಣ್ಣಿಗೂ ಬೆಳಗು ಗೊತ್ತು

ದೃಷ್ಟಿ ಪೂರ್ತಿ ಹೋದವರ ಕಣ್ಣಿಗೆ ಬೆಳಕು ಬಿಟ್ಟರೆ ಏನಾದೀತು? 1995ರಲ್ಲಿ ಅಮೆರಿಕದ ಚಾರ್ಲ್ಸ್ ಝೈಸ್ಲರ್ ತಂಡ 11 ಮಂದಿ ಅಂಧರ ಮೇಲೆ ಇದನ್ನು ಪರೀಕ್ಷಿಸಿತು. ದೀಪ ಉರಿಯುತ್ತಿದೆಯೆಂಬ ಅರಿವೇ ಇಲ್ಲದಿದ್ದರೂ ಮೂವರ ರಕ್ತದಲ್ಲಿ ಮೆಲಟೋನಿನ್ ಇಳಿಯಿತು. ಕತ್ತಲಾದ ಮೇಲೆ ಮೆದುಳಿನ ಪೀನಿಯಲ್ ಗ್ರಂಥಿ ಸುರಿಸುವ, ದೇಹಕ್ಕೆ ರಾತ್ರಿಯಾಯಿತೆಂದು ಸಾರುವ ಹಾರ್ಮೋನು ಅದು. ಆ ಮೂವರಲ್ಲಿ ಇಬ್ಬರ ಕಣ್ಣು ಮುಚ್ಚಿ ಮತ್ತೆ ದೀಪ ಹಿಡಿದಾಗ ಅದು ಇಳಿಯಲಿಲ್ಲ. ಅಂದರೆ ಆ ಕಣ್ಣುಗಳು ನೋಡುತ್ತಿರಲಿಲ್ಲ, ಆದರೆ ಕೆಲಸ ನಿಲ್ಲಿಸಿರಲಿಲ್ಲ.

ಯಾವ ಕೋಶದ ಕೆಲಸವಿದು? ಸುಳಿವು ಸಿಕ್ಕಿದ್ದು ಕಪ್ಪೆಯ ಚರ್ಮದಲ್ಲಿ! ಅಲ್ಲಿ ಬೆಳಕಿಗೆ ಸ್ಪಂದಿಸುವ ಮೆಲನಾಪ್ಸಿನ್ ಎಂಬ ಪ್ರೋಟೀನನ್ನು ಇಗ್ನಾಸಿಯೊ ಪ್ರೊವೆನ್ಸಿಯೊ 1998ರಲ್ಲಿ ಗುರುತಿಸಿದರು; ಎರಡೇ ವರ್ಷದಲ್ಲಿ ಅದು ಮನುಷ್ಯರ ರೆಟಿನಾದಲ್ಲೂ ಸಿಕ್ಕಿತು. 2002ರಲ್ಲಿ ಡೇವಿಡ್ ಬರ್ಸನ್ ಇಲಿಯ ರೆಟಿನಾದ ಕೆಲವು ಗ್ಯಾಂಗ್ಲಿಯನ್ ಕೋಶಗಳು, ನೋಟ ಕೊಡುವ ರಾಡ್ ಮತ್ತು ಕೋನ್ ಕೋಶಗಳ ನೆರವಿಲ್ಲದೆ, ತಾವೇ ಬೆಳಕಿಗೆ ಎಚ್ಚೆತ್ತುಕೊಳ್ಳುವುದನ್ನು ತೋರಿಸಿದರು. ಮೆಲನಾಪ್ಸಿನ್ ಹೊತ್ತ ಇವು ನಿಧಾನಸ್ಥ ಕೋಶಗಳು. ಮಿಂಚಿಗೆ ಬೆಚ್ಚುವುದಿಲ್ಲ, ಬೆಳಕು ಎಷ್ಟಿದೆ, ಎಷ್ಟು ಹೊತ್ತು ಇದೆ ಎಂದು ಲೆಕ್ಕ ಇಡುತ್ತವೆ. 480 ನ್ಯಾನೊಮೀಟರ್ ಆಸುಪಾಸಿನ ನೀಲಿ ಬೆಳಕೆಂದರೆ ಅವಕ್ಕೆ ವಿಶೇಷ ಒಲವು.

ಈ ಲೆಕ್ಕ ಮೆದುಳಿನ ಹೈಪೊಥಲಾಮಸ್‌ನಲ್ಲಿರುವ ಗಡಿಯಾರಕ್ಕೆ ತಲುಪುತ್ತದೆ. ಹೆಚ್ಚಿನವರಲ್ಲಿ ಅದರ ದಿನ 24 ಗಂಟೆಗಿಂತ ತುಸು ಉದ್ದ. ಬೆಳಗಿನ ಬೆಳಕು ಅದನ್ನು ಮುಂದಕ್ಕೆ ತಿರುಗಿಸಿ ಸರಿಮಾಡಬೇಕು. ತಡರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ.

ಮನಸ್ಸಿನ ಮಾತು? ದಕ್ಷಿಣ ಆಫ್ರಿಕಾದ ಬಿಸಿಲಿನಿಂದ ಅಮೆರಿಕಕ್ಕೆ ಬಂದ ವೈದ್ಯ ನಾರ್ಮನ್ ರೋಸೆಂಥಾಲ್ ಚಳಿಗಾಲದಲ್ಲಿ ತಾವೇ ಮಂಕಾಗುವುದನ್ನು ಗಮನಿಸಿದ್ದರು. 1984ರಲ್ಲಿ ಅವರ ತಂಡ ಋತುಮಾನದ ಖಿನ್ನತೆಯನ್ನೂ ಅದಕ್ಕೆ ಬೆಳಕಿನ ಚಿಕಿತ್ಸೆಯನ್ನೂ ವಿವರಿಸಿತು. ಇಂದು ಸಾಮಾನ್ಯವಾಗಿ 10,000 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ದೀಪದೆದುರು ಬೆಳಿಗ್ಗೆ ಅರ್ಧ ಗಂಟೆ ಕೂರಿಸುತ್ತಾರೆ. 2012ರಲ್ಲಿ ಸಮೇರ್ ಹತ್ತಾರ್ ಬಳಗ ಇಲಿಗಳನ್ನು ಮೂರೂವರೆ ಗಂಟೆ ಬೆಳಕು, ಮೂರೂವರೆ ಗಂಟೆ ಕತ್ತಲಲ್ಲಿ ಇಟ್ಟಿತು. ಅವುಗಳ ನಿದ್ದೆ ಕಡಿಮೆಯಾಗಲಿಲ್ಲ, ಆದರೂ ಖಿನ್ನತೆಯಂಥ ನಡವಳಿಕೆ ಕಂಡಿತು. ಮೆಲನಾಪ್ಸಿನ್ ಕೋಶಗಳಿಲ್ಲದ ಇಲಿಗಳಿಗೆ ಏನೂ ಆಗಲಿಲ್ಲ.

ನಿದ್ದೆ, ಮನಸ್ಸು ಕೆಟ್ಟರೆ ನಾವು ಎಲ್ಲ ತಪ್ಪನ್ನೂ ರಾತ್ರಿಯ ಮೊಬೈಲಿನ ಬೆಳಕಿನ ಮೇಲೆ ಹೊರಿಸಿ ಕೈತೊಳೆದುಕೊಳ್ಳುತ್ತೇವೆ. ನನ್ನ ಮಟ್ಟಿಗೆ, ಮಬ್ಬು ಹಗಲೂ ಅಷ್ಟೇ ದೊಡ್ಡ ಅಪರಾಧಿ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಕೆಲವು ನೂರು ಲಕ್ಸ್ ಇದ್ದರೆ ಹೆಚ್ಚು. ಮೋಡ ಕವಿದ ದಿನವೂ ಹೊರಗೆ ಸಾವಿರಾರು ಲಕ್ಸ್ ಇರುತ್ತದೆ. ಹಾಗಾಗಿ ಬೆಳಗಿನ ಕಾಫಿಯನ್ನು ಜಗಲಿಗೋ ತಾರಸಿಗೋ ಒಯ್ಯಿರಿ. ಸೂರ್ಯನನ್ನು ದಿಟ್ಟಿಸುವುದು ಮಾತ್ರ ಬೇಡ.