ಕಡಲತೀರಕ್ಕೆ ಬೇಕಿರುವುದು ಕಲ್ಲಲ್ಲ, ಮರಳು

ಮುಂಗಾರು ಆರಂಭವಾಗುತ್ತಿದ್ದಂತೆ ನಮ್ಮ ಕರಾವಳಿಯ ಮೂರೂ ಜಿಲ್ಲೆಗಳಿಂದ ಕಡಲ್ಕೊರೆತದ ಸುದ್ದಿ ಬರತೊಡಗುತ್ತದೆ. ತೆಂಗಿನ ಮರಗಳು ಉರುಳುತ್ತವೆ, ತೀರದ ರಸ್ತೆ ಕುಸಿಯುತ್ತದೆ, ಜನಪ್ರತಿನಿಧಿಗಳು ಸ್ಥಳಕ್ಕೆ ಧಾವಿಸುತ್ತಾರೆ. ಬೆನ್ನಿಗೇ ಲಾರಿಗಳಲ್ಲಿ ಬಂಡೆಗಲ್ಲು ಬಂದು ಬೀಳುತ್ತದೆ. ಕೆಲವೇ ವರ್ಷಗಳಲ್ಲಿ ಆ ಕಲ್ಲು ಮರಳಿನಲ್ಲಿ ಹೂತುಹೋಗುತ್ತದೆ, ಇಲ್ಲವೇ ಕೊರೆತ ಪಕ್ಕದ ಊರಿಗೆ ಸರಿಯುತ್ತದೆ. ದಶಕಗಳಿಂದ ಮಾಡುತ್ತಿರುವ ಈ ವೆಚ್ಚದಿಂದ ಸಾರ್ವಜನಿಕರಿಗೆ ಉಳಿದದ್ದೇನು ಎಂಬ ಪ್ರಶ್ನೆಯನ್ನು ಈಗಲಾದರೂ ಕೇಳಿಕೊಳ್ಳಬೇಕು.

ಕಡಲತೀರ ಸ್ಥಿರವಾದ ನೆಲವಲ್ಲ, ಚಲಿಸುವ ಸಂಪತ್ತು. ನದಿಗಳು ಮರಳನ್ನು ತಂದು ಸುರಿಯುತ್ತವೆ. ಅಲೆಗಳು ಅದನ್ನು ತೀರದುದ್ದಕ್ಕೂ ಸಾಗಿಸುತ್ತವೆ. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಅಲೆಗಳು ಎಳೆದೊಯ್ದ ಮರಳು ಸಮೀಪದ ನೀರಿನಡಿಯ ದಿಬ್ಬಗಳಲ್ಲಿ ತಂಗಿದ್ದು, ನಂತರದ ತಿಂಗಳುಗಳ ಸೌಮ್ಯ ಅಲೆಗಳೊಂದಿಗೆ ಬಹುಮಟ್ಟಿಗೆ ಹಿಂತಿರುಗುತ್ತದೆ. ಈ ಜಮಾ–ಖರ್ಚಿನಲ್ಲಿ ಜಮೆ ಕುಗ್ಗಿದಾಗಲೇ ತೊಂದರೆ. ಅಣೆಕಟ್ಟುಗಳು ಮರಳನ್ನು ತಡೆಯುತ್ತವೆ, ಮರಳುಗಾರಿಕೆ ನದಿಪಾತ್ರವನ್ನು ಬರಿದು ಮಾಡುತ್ತದೆ, ಬಂದರಿನ ಗೋಡೆಗಳು ಅದರ ದಾರಿಗೆ ಅಡ್ಡ ನಿಲ್ಲುತ್ತವೆ. 1990ರಿಂದ 2018ರವರೆಗಿನ ಅವಧಿಯನ್ನು ಪರಿಶೀಲಿಸಿದ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನದ ಪ್ರಕಾರ, ದೇಶದ ಮುಖ್ಯ ಭೂಭಾಗದ ತೀರದಲ್ಲಿ ಸುಮಾರು ಮೂರನೇ ಒಂದು ಭಾಗ ಕೊರೆತಕ್ಕೆ ಒಳಗಾಗಿದೆ.

ಒಂದೆಡೆಯ ಲಾಭ ಇನ್ನೊಂದೆಡೆಯ ನಷ್ಟವಾಗುವುದಕ್ಕೆ ಚೆನ್ನೈ ಹಳೆಯ ಉದಾಹರಣೆ. 1870ರ ದಶಕದಲ್ಲಿ ಅಲ್ಲಿ ಬಂದರಿನ ಗೋಡೆಗಳ ನಿರ್ಮಾಣ ಆರಂಭವಾಯಿತು. ದಕ್ಷಿಣದಿಂದ ಉತ್ತರಕ್ಕೆ ಸಾಗುತ್ತಿದ್ದ ಮರಳು ಗೋಡೆಗೆ ತಡೆದು ನಿಂತಿತು. ದಕ್ಷಿಣದ ಮರೀನಾ ಬೀಚ್ ವಿಶಾಲವಾಯಿತು. ಉತ್ತರದ ರಾಯಪುರಂ ಭಾಗ ಕೊರೆಯತೊಡಗಿತು. ಮರೀನಾದ ಮರಳಿನಲ್ಲಿ ಅಡ್ಡಾಡುವವರಿಗೆ ಅದರ ಬೆಲೆಯನ್ನು ಉತ್ತರದ ಮೀನುಗಾರರ ಕೇರಿಗಳು ತೆತ್ತಿರುವುದು ಕಾಣಿಸುವುದಿಲ್ಲ.

ಕಲ್ಲಿನ ಗೋಡೆ ತನ್ನ ಹಿಂದಿರುವ ಮನೆ, ತೋಟ, ರಸ್ತೆಗಳನ್ನು ಸ್ವಲ್ಪ ಕಾಲ ಕಾಪಾಡೀತು. ಆದರೆ ಅದರ ಮುಂದಿರುವ ಮರಳಿನ ಪಟ್ಟಿ ಕ್ರಮೇಣ ಕರಗುತ್ತದೆ. ಆ ಪಟ್ಟಿ ಯಾರ ಖಾತೆಯಲ್ಲೂ ಇಲ್ಲದ, ಎಲ್ಲರಿಗೂ ಸೇರಿದ ಆಸ್ತಿ. ಹತ್ತಾರು ಜನ ದಡದಲ್ಲಿ ನಿಂತು ಎಳೆಯುವ ಕೈರಂಪಣಿ ಬಲೆಗೆ ಅದೇ ಕೆಲಸದ ಜಾಗ. ನಾಡದೋಣಿ ನಿಲ್ಲುವುದು, ಮೀನು ಒಣಗುವುದು, ಕಡಲಾಮೆ ಮೊಟ್ಟೆಯಿಡುವುದು, ನಗರದ ಮಕ್ಕಳು ಪುಕ್ಕಟೆಯಾಗಿ ಆಡುವುದು ಎಲ್ಲವೂ ಅಲ್ಲೇ. ಗೋಡೆ ಖಾಸಗಿ ಆಸ್ತಿಯನ್ನು ಉಳಿಸಲು ಸಾರ್ವಜನಿಕ ಆಸ್ತಿಯನ್ನು ಬಲಿಕೊಡುತ್ತದೆ, ಅದೂ ಸಾರ್ವಜನಿಕರ ಹಣದಲ್ಲಿ.

ಇದಕ್ಕೆ ಪರ್ಯಾಯ, ಕಳೆದುಹೋದ ಮರಳನ್ನು ಮತ್ತೆ ತಂದು ತೀರಕ್ಕೆ ತುಂಬುವುದು. ಇದು ಹೊಸ ಪ್ರಯೋಗವೇನಲ್ಲ. ನೆದರ್ಲೆಂಡ್ಸ್ ತನ್ನ ತೀರರೇಖೆ ಹಿಂದೆ ಸರಿಯಲು ಬಿಡಬಾರದೆಂದು 1990ರಲ್ಲಿ ನಿರ್ಧರಿಸಿ, ವರ್ಷ ವರ್ಷವೂ ಮರಳು ತುಂಬುತ್ತ ಬಂದಿದೆ. 2011ರಲ್ಲಿ ಹೇಗ್ ನಗರದ ಸಮೀಪ ಒಂದೇ ಕಡೆ ಎರಡು ಕೋಟಿ ಘನ ಮೀಟರಿಗೂ ಹೆಚ್ಚು ಮರಳನ್ನು ಸುರಿದು, ಅದನ್ನು ಹಂಚುವ ಕೆಲಸವನ್ನು ಗಾಳಿ–ಅಲೆಗಳಿಗೇ ಬಿಟ್ಟಿತು. ಆಸ್ಟ್ರೇಲಿಯಾದಲ್ಲಿ ಟ್ವೀಡ್ ನದಿಯ ಗೋಡೆಗಳು ತಡೆಹಿಡಿದ ಮರಳನ್ನು 2001ರಿಂದ ಕೊಳವೆಗಳ ಮೂಲಕ ನದಿಯಾಚೆಯ ಗೋಲ್ಡ್ ಕೋಸ್ಟ್ ತೀರಗಳಿಗೆ ಪಂಪ್ ಮಾಡಲಾಗುತ್ತಿದೆ. ನಮ್ಮಲ್ಲೇ ವಿಶಾಖಪಟ್ಟಣದ ಬಂದರಿನಲ್ಲಿ ಎತ್ತಿದ ಮರಳು ಉತ್ತರದ ರಾಮಕೃಷ್ಣ ಬೀಚಿಗೆ ಹೋಗುತ್ತದೆ. ಪುದುಚೇರಿಯಲ್ಲಿ 1980ರ ದಶಕದ ಕೊನೆಗೆ ಬಂದರಿನ ಗೋಡೆಗಳು ಎದ್ದ ನಂತರ ನಗರದ ಮುಂದಿನ ಮರಳು ಮಾಯವಾಗಿ ಕಲ್ಲಷ್ಟೇ ಉಳಿದಿತ್ತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ನೀರಿನಡಿ ಕೃತಕ ದಿಬ್ಬ ನಿರ್ಮಿಸಿ ಮರಳನ್ನೂ ತುಂಬಿಸಿದ ಮೇಲೆ, 2018–19ರ ಹೊತ್ತಿಗೆ ಒಂದಷ್ಟು ತೀರ ಮರಳಿ ಬಂದಿತು.

ತುಂಬಿದ ಮರಳು ಮತ್ತೆ ಕೊಚ್ಚಿಹೋಗುತ್ತದೆ ಎಂಬುದು ಇದರ ವಿರುದ್ಧದ ಮುಖ್ಯ ಆಕ್ಷೇಪ. ಆಕ್ಷೇಪ ನಿಜ, ಆದರೆ ಅದರಿಂದ ತೆಗೆಯುವ ತೀರ್ಮಾನ ಸರಿಯಲ್ಲ. ರಸ್ತೆಯ ಡಾಂಬರೂ ಸವೆಯುತ್ತದೆ, ಕಾಲುವೆಯಲ್ಲೂ ಹೂಳು ತುಂಬುತ್ತದೆ. ಅವುಗಳಿಗೆ ವಾರ್ಷಿಕ ನಿರ್ವಹಣೆಯ ಅನುದಾನವಿದೆ. ತೀರಕ್ಕೆ ಮಾತ್ರ ಒಂದೇ ಸಲದ ಕಾಮಗಾರಿ ಏಕೆ ಸಾಕಾಗಬೇಕು? ಆಡಳಿತದಲ್ಲಿದ್ದವರಿಗೆ ಉತ್ತರ ಗೊತ್ತು. ಗೋಡೆಗೆ ಶಂಕುಸ್ಥಾಪನೆ ಇದೆ, ಉದ್ಘಾಟನೆ ಇದೆ, ಅಳತೆ ಪುಸ್ತಕದಲ್ಲಿ ತೋರಿಸಲು ಟನ್ನುಗಳ ಲೆಕ್ಕವಿದೆ. ನಿರ್ವಹಣೆಗೆ ಇವು ಯಾವುವೂ ಇಲ್ಲ. ಮುಗ್ಗಟ್ಟಿನ ವರ್ಷದಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ.

ಉಳ್ಳಾಲದ ಅನುಭವವನ್ನು ಈ ಬೆಳಕಿನಲ್ಲಿ ನೋಡಬೇಕು. ಏಷ್ಯಾ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಮಂಜೂರು ಮಾಡಿದ ನೆರವಿನಿಂದ ಅಲ್ಲಿ ಕಡಲೊಳಗಿನ ದಿಬ್ಬ, ತಡೆಗೋಡೆಗಳ ಕಾಮಗಾರಿಗಳು ನಡೆದವು; ಮರಳು ತುಂಬುವುದೂ ಯೋಜನೆಯ ಭಾಗವಾಗಿತ್ತು. ಆನಂತರದ ಮಳೆಗಾಲಗಳಲ್ಲಿಯೂ ದಕ್ಷಿಣದ ಸೋಮೇಶ್ವರ, ಉಚ್ಚಿಲಗಳಿಂದ ಕೊರೆತದ ವರದಿಗಳು ಬಂದಿವೆ. ಒಂದು ಊರಿಗೆ ಒಂದು ಯೋಜನೆ ಎಂಬ ಕ್ರಮ ಸಾಲದು. ಒಂದು ಅಳಿವೆಯಿಂದ ಇನ್ನೊಂದರವರೆಗಿನ ತೀರವನ್ನು ಒಂದೇ ಘಟಕವೆಂದು ಪರಿಗಣಿಸಿ ಮರಳಿನ ಲೆಕ್ಕ ಇಡಬೇಕು.

ಸರ್ಕಾರ ಮೂರು ಕ್ರಮಗಳನ್ನು ಕೈಗೊಳ್ಳಬಹುದು. ಬಂದರು ಮತ್ತು ಅಳಿವೆಗಳಲ್ಲಿ ಹೂಳೆತ್ತಿದಾಗ ದೊರೆಯುವ ಯೋಗ್ಯ ಮರಳು ಆಳಸಮುದ್ರಕ್ಕಾಗಲೀ ಕಟ್ಟಡಗಳಿಗಾಗಲೀ ಹೋಗದೆ ತೀರಕ್ಕೇ ಸೇರಬೇಕೆಂದು ನಿಯಮ ಮಾಡುವುದು ಮೊದಲನೆಯದು. ಎಲ್ಲ ಹೂಳೂ ಮರಳಲ್ಲವಾದ್ದರಿಂದ ಕಣದ ಗಾತ್ರ, ಮಾಲಿನ್ಯಗಳ ಪರೀಕ್ಷೆ ಕಡ್ಡಾಯವಾಗಬೇಕು. ಕೆಸರು ಸುರಿದರೆ ಮೀನಿಗೂ ಆಮೆಗೂ ಹಾನಿ. ಮರಳಿನ ಹರಿವಿಗೆ ಅಡ್ಡ ಬರುವ ಹೊಸ ಬಂದರು ಯೋಜನೆಗಳ ಅಂದಾಜಿನಲ್ಲಿಯೇ ಪಕ್ಕದ ತೀರದ ಮರುಪೂರಣದ ಖರ್ಚನ್ನು ಸೇರಿಸುವುದು ಎರಡನೆಯದು. ಹಾನಿ ಮಾಡುವವನೇ ಭರಿಸಬೇಕೆಂಬ ತತ್ವ ಕಾರ್ಖಾನೆಗಳಿಗೆ ಅನ್ವಯಿಸುವುದಾದರೆ ಇಲ್ಲಿಯೂ ಅನ್ವಯಿಸಬೇಕು. ಪ್ರತಿವರ್ಷದ ತೀರದ ಅಳತೆಗೂ ಮರುಪೂರಣಕ್ಕೂ ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆಯುವುದು ಮೂರನೆಯದು. ಹೊಸ ತೀರದಿಂದ ಬೆಲೆ ಏರಿಸಿಕೊಳ್ಳುವ ಹೋಟೆಲು, ರೆಸಾರ್ಟುಗಳಿಂದ ಇದಕ್ಕೆ ಪಾಲು ಪಡೆಯುವುದು ನ್ಯಾಯವೇ. ಆದರೆ ಜನರ ಹಣದಿಂದ ಮರಳಿದ ತೀರಕ್ಕೆ ಬೇಲಿ ಹಾಕಲು ಯಾರಿಗೂ ಬಿಡಬಾರದು.

ಸಮುದ್ರಮಟ್ಟ ಏರುತ್ತಿರುವಾಗ ಎಲ್ಲ ತೀರವನ್ನೂ ಮರಳಿನಿಂದಲೇ ಉಳಿಸಲಾಗದು. ಕೆಲವೆಡೆ ಹಿಂದೆ ಸರಿಯುವುದೇ ವಿವೇಕ. ಬಂದರಿನಂಥ ಕಡೆ ಕಲ್ಲು ಅನಿವಾರ್ಯ. ಆದರೆ ಜನ ದುಡಿಯುವ, ನಡೆದಾಡುವ ತೀರಗಳಲ್ಲಿ ಮೊದಲ ಆಯ್ಕೆ ಮರಳೇ ಆಗಬೇಕು. ಮುಂದಿನ ಜೂನ್‌ನಲ್ಲಿ ಕಲ್ಲಿನ ಟೆಂಡರು ಕರೆಯುವ ಮೊದಲು, ಈ ತೀರಕ್ಕೆ ಬರಬೇಕಿದ್ದ ಮರಳು ಎಲ್ಲಿ ನಿಂತಿದೆ ಎಂದು ಅಧಿಕಾರಿಗಳು ಕಡತದಲ್ಲಿ ಬರೆಯಲಿ. ಅದಕ್ಕೆ ಉತ್ತರ ದೊರೆತ ಮೇಲಷ್ಟೇ ಹಣ ಬಿಡುಗಡೆಯಾಗಲಿ.