ಮಂಗ ಸತ್ತರೆ ಸುದ್ದಿ ಕೊಡಿ

ಕಳೆದ ವರ್ಷ ಮಾಘ ಮಾಸದಲ್ಲಿ ನಮ್ಮ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ವಿದ್ಯುತ್ ತಂತಿಗೆ ಸಿಕ್ಕು ಮುಸಿಯವೊಂದು ಸತ್ತಿತು. ಊರಿನವರು ಅದನ್ನು ಕುರ್ಚಿಯಲ್ಲಿ ಕೂರಿಸಿ, ಹಣೆಗೆ ಕುಂಕುಮ ಹಚ್ಚಿ, ಹೂವಿನ ಹಾರ ಹಾಕಿ, ಭಜನೆ ಮಾಡುತ್ತ ಹೊತ್ತೊಯ್ದು ಹನುಮಪ್ಪನ ಗುಡಿಯ ಹಿಂದೆ ಮಣ್ಣು ಮಾಡಿದರು. ಅಂಜನಾದ್ರಿ ಬೆಟ್ಟ ಇರುವ ಜಿಲ್ಲೆ ನಮ್ಮದು, ಇದರಲ್ಲಿ ಆಶ್ಚರ್ಯವಿಲ್ಲ. ಮರುದಿನ ಬೆಳಿಗ್ಗೆ, ಹೆಗಲು ಕೊಟ್ಟವರಲ್ಲಿ ಇಬ್ಬರು ನನ್ನ ದವಾಖಾನೆಗೆ ಬಂದು ಕುಳಿತರು. ಜ್ವರವಿಲ್ಲ, ನೋವಿಲ್ಲ. 'ಟಿವಿಯೊಳಗ ಮಂಗನ ಕಾಯಿಲೆ ಅಂತ ತೋರಸಾಕತ್ಯಾರ್ರಿ. ನಾವು ನಿನ್ನೆ ಅದನ್ನ ಹೊತ್ತೀವಿ. ನಮಗೇನರ ಆಗತೈತೇನ್ರಿ?' ಎಂದು ಕೇಳಿದರು.

ಆ ಮುಸಿಯ ಸತ್ತದ್ದು ಕರೆಂಟು ಹೊಡೆದು, ಕಾಯಿಲೆಯಿಂದಲ್ಲ; ಆ ಕಾಯಿಲೆ ಮಲೆನಾಡಿನ ಕಾಡಿನದು, ಹೆದರಬೇಡಿ ಎಂದು ಹೇಳಿ ಕಳುಹಿಸಿದೆ. ಸಮಾಧಾನದಿಂದ ಹೋದರು. ಆದರೆ ಅವರು ಹೋದ ಮೇಲೆ ನನಗೇ ಅನ್ನಿಸಿತು: ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. ಸತ್ತ ಮಂಗವನ್ನು ನೋಡಿ 'ಇದು ಏಕೆ ಸತ್ತಿತು, ಇದರಿಂದ ನಮಗೇನಾದೀತು' ಎಂದು ಕೇಳುವುದರಿಂದಲೇ ಈ ಕಾಯಿಲೆಯ ಕಥೆ ಆರಂಭವಾದದ್ದು.

ಅದು 1957ರ ಮಾತು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರದಿಂದ ಮಲಗತೊಡಗಿದರು. ಕೆಲವರು ಸತ್ತರು. ಅದೇ ಹೊತ್ತಿಗೆ ಕಾಡಿನಲ್ಲಿ ಮಂಗಗಳೂ ಸಾಯುತ್ತಿದ್ದವು. ಎರಡಕ್ಕೂ ಸಂಬಂಧವಿದೆ ಎಂಬುದನ್ನು ಮೊದಲು ಗುರುತಿಸಿದವರು ಅಲ್ಲಿನ ಹಳ್ಳಿಗರು. ವಿಜ್ಞಾನಿಗಳು ಬರುವ ಮುಂಚೆಯೇ ಅವರು ಅದಕ್ಕೆ 'ಮಂಗನ ಕಾಯಿಲೆ' ಎಂದು ಹೆಸರಿಟ್ಟಿದ್ದರು. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿತು. ಆಗ ಅದರ ನಿರ್ದೇಶಕರಾಗಿದ್ದ ಡಾ. ಟೆಲ್ಫರ್ಡ್ ವರ್ಕ್ ಮತ್ತು ಅವರ ಸಂಗಡಿಗರಿಗೆ ಮೊದಲು ಬಂದ ಸಂಶಯ ಹಳದಿ ಜ್ವರದ್ದು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ಆ ರೋಗ ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿತ್ತು, ಏಷ್ಯಾಕ್ಕೆ ಎಂದೂ ಬಂದಿರಲಿಲ್ಲ. ಬಂದಿದ್ದರೆ ದೇಶಕ್ಕೆ ದೊಡ್ಡ ಗಂಡಾಂತರವೇ ಆಗುತ್ತಿತ್ತು.

ಸತ್ತ ಮುಸಿಯದಿಂದ, ರೋಗಿಗಳ ರಕ್ತದಿಂದ ಮತ್ತು ಕಾಡಿನ ಉಣ್ಣೆಗಳಿಂದ ಒಂದೇ ವೈರಸ್ಸನ್ನು ಬೇರ್ಪಡಿಸಿದಾಗ ಅದು ಹಳದಿ ಜ್ವರವಲ್ಲ, ಅದುವರೆಗೆ ಯಾರೂ ಕಾಣದ ಹೊಸ ವೈರಸ್ ಎಂದು ತಿಳಿಯಿತು. ಡೆಂಗೆ ವೈರಸ್ಸಿನ ಬಳಗಕ್ಕೇ ಸೇರಿದ್ದು, ಆದರೆ ಹರಡುವುದು ಸೊಳ್ಳೆಯಿಂದಲ್ಲ, ಉಣ್ಣೆಯಿಂದ. ಅದರ ಹತ್ತಿರದ ನೆಂಟರು ರಷ್ಯಾ ದೇಶದ ಕಾಡುಗಳಲ್ಲಿದ್ದರು. ಹಾಗಾದರೆ ಚಳಿಗಾಲಕ್ಕೆ ಸೈಬೀರಿಯಾದಿಂದ ಹಾರಿಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದವೇ ಎಂಬ ಅನುಮಾನವೂ ಎದ್ದಿತು. ಸಲೀಂ ಅಲಿಯವರ ನೇತೃತ್ವದಲ್ಲಿ ಹಕ್ಕಿಗಳನ್ನು ಹಿಡಿದು, ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣ್ಣೆಗಳನ್ನು ಹೆಕ್ಕಿ ನೋಡುವ ದೊಡ್ಡ ಕಾರ್ಯ ನಡೆಯಿತು. ಹಕ್ಕಿಗಳೇ ತಂದವು ಎಂಬುದು ಸಾಬೀತಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ಬಗ್ಗೆ ಇಂದು ತಿಳಿದಿರುವುದರಲ್ಲಿ ಎಷ್ಟೋ ಭಾಗ ಸೊರಬದ ಮಂಗಗಳ ಪುಣ್ಯದಿಂದ ತಿಳಿದದ್ದು!

ನಾನು ಎಂ.ಬಿ.ಬಿ.ಎಸ್. ಓದುವಾಗ ಈ ಕಾಯಿಲೆಗೆ ಪುಸ್ತಕದಲ್ಲಿ ಎರಡು ಪುಟ ಮೀಸಲಿತ್ತು. ಪರೀಕ್ಷೆಗೆ ಬೀಳುವ ಪ್ರಶ್ನೆ ಎಂದು ಬಾಯಿಪಾಠ ಮಾಡಿದ್ದೆವು, ಬರೆದೆವು, ಮರೆತೆವು.

ಹೆಸರಿನಿಂದಾಗಿ ಮಂಗಕ್ಕೆ ಕೆಟ್ಟ ಹೆಸರು ಬಂದಿದೆ. ಅಸಲಿಗೆ ಮಂಗವೂ ನಮ್ಮಂತೆಯೇ ಈ ರೋಗಕ್ಕೆ ಬಲಿಯಾಗುವ ಪ್ರಾಣಿ. ವೈರಸ್ಸು ಕಾಡಿನ ಇಲಿ, ಮೂಗಿಲಿಗಳಂಥ ಸಣ್ಣ ಪ್ರಾಣಿಗಳಲ್ಲಿ ಮತ್ತು ಅವುಗಳ ರಕ್ತ ಹೀರುವ ಉಣ್ಣೆಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ನಮ್ಮ ಕಡೆ ದನದ ಮೈಮೇಲೆ ಕಾಣುವ ಉಣ್ಣಿಯ ಜಾತಿಯದೇ ಈ ಪರೋಪಜೀವಿ. ಮಲೆನಾಡಿನವರು ಉಣುಗು ಎನ್ನುತ್ತಾರೆ. ಮಳೆಗಾಲ ಕಳೆದ ಮೇಲೆ ಮೊಟ್ಟೆಯೊಡೆದು ಬಂದ ಮರಿಗಳು ಒಮ್ಮೆ ರಕ್ತ ಕುಡಿದು, ಪೊರೆ ಬಿಟ್ಟು, ಎಳ್ಳಿನ ಕಾಳಿಗಿಂತ ಚಿಕ್ಕದಾದ ಎಳೆಯ ಉಣ್ಣೆಗಳಾಗುತ್ತವೆ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವವು ಇವೇ. ನವೆಂಬರಿನಿಂದ ಮೇವರೆಗೆ ಇವುಗಳ ಹಾವಳಿ. ವೈರಸ್ ಇರುವ ಉಣ್ಣೆ ಮಂಗವನ್ನು ಕಚ್ಚಿದರೆ, ವೈರಸ್ಸು ಮಂಗದ ರಕ್ತದಲ್ಲಿ ವಿಪರೀತ ಬೆಳೆದು, ಆ ರಕ್ತ ಕುಡಿಯುವ ನೂರಾರು ಉಣ್ಣೆಗಳಿಗೆ ಹಂಚಿಕೆಯಾಗುತ್ತದೆ. ಮಂಗ ಬಲಹೀನವಾಗಿ ನೆಲಕ್ಕೆ ಬಿದ್ದು ಸಾಯುತ್ತದೆ. ದೇಹ ತಣ್ಣಗಾಗುತ್ತಿದ್ದಂತೆ ಉಣ್ಣೆಗಳು ಅದನ್ನು ಬಿಟ್ಟು ತರಗೆಲೆಗೆ ಇಳಿಯುತ್ತವೆ. ಮರುದಿನ ಅಲ್ಲಿ ಸೊಪ್ಪು, ಸೌದೆ, ದರಗು ತರಲು ಹೋದವರ ಗತಿಯೇನು? ಕಾಡಿನಲ್ಲಿ ಎಲ್ಲ ಕಡೆ ಇರುವ ಅಪಾಯ ಒಂದು ಬಗೆಯದು, ಸತ್ತ ಮಂಗದ ಸುತ್ತಲಿನದೇ ಬೇರೆ ಬಗೆಯದು.

ಈ ಕಾರಣದಿಂದಲೇ ಮಲೆನಾಡಿನ ಜಿಲ್ಲೆಗಳಲ್ಲಿ ಮಂಗಗಳ ಸಾವಿನ ಲೆಕ್ಕ ಇಡಲಾಗುತ್ತದೆ. 1964ರ ಕೊನೆಯಿಂದ 1973ರವರೆಗಿನ ಅವಧಿಯಲ್ಲಿ ವೈರಸ್ ಸಂಶೋಧನಾ ಕೇಂದ್ರದವರು ಸಾವಿರಕ್ಕೂ ಹೆಚ್ಚು ಮಂಗಗಳ ಸಾವನ್ನು ದಾಖಲಿಸಿದರು. ಅದರಲ್ಲಿ ಬಹುಪಾಲು ಮುಸಿಯಗಳು. ಕೆಂಪು ಮಂಗಗಳು ಕಡಿಮೆ. ಸುದ್ದಿ ಬಂದೊಡನೆ ಪಶುವೈದ್ಯರು ಕೈಗವಸು, ಮುಖಗವಸು, ಮೈಮುಚ್ಚುವ ಉಡುಪು ತೊಟ್ಟು ಹೋಗಿ ಮರಣೋತ್ತರ ಪರೀಕ್ಷೆ ನಡೆಸಿ, ಮೆದುಳು, ಯಕೃತ್ತು ಮೊದಲಾದ ಅಂಗಗಳ ಚೂರುಗಳನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದೇಹವನ್ನು ಸುಡುತ್ತಾರೆ, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಉದುರಿಸುತ್ತಾರೆ. ಉಣ್ಣೆ ಹಿಡಿಯುವ ವಿಧಾನ ಕೇಳಿದರೆ ನಿಮಗೆ ನಗು ಬಂದೀತು. ಬಿಳಿ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ ನೆಲದ ಮೇಲೆ ಎಳೆಯುತ್ತ ನಡೆಯುವುದು, ಯಾವುದೋ ಪ್ರಾಣಿ ಹಾದುಹೋಯಿತೆಂದು ಉಣ್ಣೆಗಳು ಅದಕ್ಕೆ ಅಂಟಿಕೊಳ್ಳುವುದು, ಚಿಮುಟದಿಂದ ಒಂದೊಂದನ್ನೇ ಆರಿಸಿ ಶೀಶೆಗೆ ಹಾಕುವುದು. ಅರವತ್ತು ವರ್ಷಗಳ ಹಿಂದೆಯೂ ಇದೇ ಕ್ರಮ, ಇಂದಿಗೂ ಇದೇ. ಬದಲಾದದ್ದು ಪ್ರಯೋಗಾಲಯ ಮಾತ್ರ. ಆಗ ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು, ಆ ಕೆಲಸ ಮಾಡುವ ಸಿಬ್ಬಂದಿಯಲ್ಲೇ ಹಲವರಿಗೆ ಸೋಂಕು ತಗುಲುತ್ತಿತ್ತು. ಈಗ ಪಿಸಿಆರ್ ಪರೀಕ್ಷೆಯಿಂದ ಬೇಗ ಉತ್ತರ ಸಿಗುತ್ತದೆ.

ಉತ್ತರ ಬೇಗ ಸಿಕ್ಕರೂ ಪ್ರಶ್ನೆ ತಡವಾಗಿ ತಲುಪಿದರೆ ಪ್ರಯೋಜನವಿಲ್ಲ. ಯಂತ್ರ ಎಷ್ಟೇ ದೊಡ್ಡದಿರಲಿ, ಮೊದಲ ಸುದ್ದಿ ಬರಬೇಕಾದದ್ದು ದನ ಕಾಯುವ ಹುಡುಗನಿಂದ, ಸೌದೆಗೆ ಹೋದ ಹೆಂಗಸಿನಿಂದ. ಎರಡು ದಿನ ಬಿಸಿಲಿನಲ್ಲಿ ಕೊಳೆತ ಮಂಗದಲ್ಲಿ ಏನೂ ಪತ್ತೆಯಾಗದೆ ಹೋಗಬಹುದು. 'ಪತ್ತೆಯಾಗಲಿಲ್ಲ' ಎಂಬುದನ್ನು 'ಇಲ್ಲ' ಎಂದು ಓದಿಕೊಳ್ಳುವ ತಪ್ಪನ್ನು ನಾವು ವೈದ್ಯರೂ ಮಾಡುತ್ತೇವೆ.

ರೋಗ ಸೊರಬದಲ್ಲೇ ಕುಳಿತಿಲ್ಲ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನ ಪಟ್ರಮೆ, ನಿಡ್ಲೆ ಭಾಗದಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದಾಗ ಭೀಕರವಾಗಿ ಎದ್ದು ಸಾವಿರಕ್ಕೂ ಹೆಚ್ಚು ಜನರನ್ನು ಕಾಡಿತು. 2012ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತವು. ಅವನ್ನು ಮುಟ್ಟಿ ವಿಲೇವಾರಿ ಮಾಡಿದವರಲ್ಲೇ ಕೆಲವರಿಗೆ ರೋಗ ತಗುಲಿತು. ಆ ಮಂಗಗಳ ಜಾಡು ಹಿಡಿದು ನೋಡಿದಾಗ ಪಕ್ಕದ ನೀಲಗಿರಿ, ವಯನಾಡುಗಳಲ್ಲೂ ವೈರಸ್ ಕಂಡಿತು. ಮುಂದೆ ಗೋವೆಯ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆಮನೆಯ ಜನ ಮಲಗಿದ್ದನ್ನು, ಜೀವಗಳು ಹೋದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ.

'ಎಲ್ಲಿಯ ಅರಳಗೋಡು, ಎಲ್ಲಿಯ ಕುಷ್ಟಗಿ' ಎನ್ನುವಿರೇನೋ. ದೀಪಾವಳಿ ಮುಗಿದ ಮೇಲೆ ಒಂದು ಸಂಜೆ ನಮ್ಮ ಬಸ್ ನಿಲ್ದಾಣಕ್ಕೆ ಹೋಗಿ ನೋಡಿ. ಮಂಗಳೂರು ಬಸ್ಸಿಗೆ ಗಂಟುಮೂಟೆ, ಕೂಸುಕುನ್ನಿ ಸಮೇತ ಕಾದಿರುವವರು ಯಾರು? ಹಿಂಗಾರಿ ಕೈಕೊಟ್ಟ ವರ್ಷವಂತೂ ಹಳ್ಳಿಗಳಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. ಗುಳೆ ಹೋದವರೆಲ್ಲ ಕಟ್ಟಡ ಕೆಲಸಕ್ಕೇ ಹೋಗುವುದಿಲ್ಲ. ಅಡಿಕೆ ತೋಟ, ಕಾಫಿ ತೋಟಗಳಿಗೂ ಹೋಗುತ್ತಾರೆ. ನಾವು ಊರು ಬಿಡುವ ತಿಂಗಳುಗಳೂ ಉಣ್ಣೆ ಕಚ್ಚುವ ತಿಂಗಳುಗಳೂ ಒಂದೇ. ಮಲೆನಾಡಿನವನಿಗೆ ಉಣುಗಿನ ಭಯ ಹುಟ್ಟಿನಿಂದಲೇ ಗೊತ್ತು. ಬಯಲುಸೀಮೆಯಿಂದ ಹೋದವನು ಮಧ್ಯಾಹ್ನದ ಊಟ ಮಾಡಿ ತಂಪಾಗಿದೆಯೆಂದು ಅದೇ ತರಗೆಲೆಯ ಮೇಲೆ ಟವೆಲ್ ಹಾಸಿ ಮಲಗುತ್ತಾನೆ.

ಕೆಲವು ವರ್ಷಗಳ ಹಿಂದೆ ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಜ್ವರವೆಂದು ಬಂದ. ಕಣ್ಣು ಕೆಂಪಾಗಿದ್ದವು, ಸೊಂಟ ಹಿಡಿದುಕೊಂಡು ನರಳುತ್ತಿದ್ದ. ನಾನು ಟೈಫಾಯಿಡ್ ಇರಬೇಕೆಂದು ಔಷಧಿ ಬರೆದುಕೊಟ್ಟೆ. ಮೂರನೆಯ ದಿನ ಒಸಡಿನಲ್ಲಿ ರಕ್ತ ಕಂಡಿತು. ಆಗ ಅವನ ತಾಯಿ ಹೇಳಿದಳು, 'ತ್ವಾಟದಾಗ ಕೆಲಸಕ್ಕ ಹೋಗಿದ್ದನ್ರಿ, ಅಲ್ಲಿ ಮಂಗ್ಯಾ ಸಾಯಾಕತ್ತಿದ್ವಂತ.' ನನ್ನ ಎದೆ ಧಸಕ್ಕೆಂದಿತು. ಎಲ್ಲಿಗೆ ಹೋಗಿದ್ದೆ ಎಂಬ ಒಂದು ಮಾತನ್ನು ನಾನು ಕೇಳಿರಲಿಲ್ಲ. ಕೂಡಲೇ ದೊಡ್ಡ ಆಸ್ಪತ್ರೆಗೆ ಕಳುಹಿಸಿ, ರಕ್ತ ಪರೀಕ್ಷೆಗೆ ಹೋಗುವಂತೆ ನೋಡಿಕೊಂಡೆ. ವರದಿ ಬಂದಾಗ ಅದು ಮಂಗನ ಕಾಯಿಲೆಯಾಗಿರಲಿಲ್ಲ, ಡೆಂಗೆಯಾಗಿತ್ತು. ಹುಡುಗ ಗುಣವಾದ. ಆದರೆ ಆ ವರದಿ ಬರುವವರೆಗೆ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಅಂದಿನಿಂದ ಜ್ವರದ ರೋಗಿಗೆ ನನ್ನ ಮೊದಲ ಪ್ರಶ್ನೆ, 'ಗುಳೆ ಹೋಗಿದ್ದೇನು? ಯಾವ ಊರಿಗೆ?' ನಾವು ಕೇಳದಿದ್ದರೆ ನೀವೇ ಹೇಳಿ.

ಉಣ್ಣೆ ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ರೋಗ ಶುರುವಾಗುತ್ತದೆ. ಒಮ್ಮೆಲೇ ಚಳಿ, ವಿಪರೀತ ಜ್ವರ, ಹಣೆಯ ನೋವು, ಏಳಲಾಗದಷ್ಟು ಮೈಕೈ ನೋವು, ವಾಂತಿ, ಭೇದಿ. ಕೆಲವರಿಗೆ ಮೂಗು, ಒಸಡು, ಕರುಳಿನಿಂದ ರಕ್ತಸ್ರಾವ. ಹೆಚ್ಚಿನವರು ಎರಡು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಜ್ವರ ಬಿಟ್ಟಿತೆಂದು ನಿಟ್ಟುಸಿರು ಬಿಟ್ಟ ಮೇಲೆ, ಒಂದೆರಡು ವಾರ ಕಳೆದು, ನೂರರಲ್ಲಿ ಹತ್ತಿಪ್ಪತ್ತು ಮಂದಿಗೆ ಜ್ವರ ಮರಳಿ ಬಂದು ತಲೆಸುತ್ತು, ಕೈನಡುಕ, ಭ್ರಮೆಯಂಥ ಮೆದುಳಿನ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ನೂರು ರೋಗಿಗಳಲ್ಲಿ ಮೂರರಿಂದ ಐದು ಜನ ಸಾಯುವುದುಂಟು. ವೈರಸ್ಸನ್ನೇ ಕೊಲ್ಲುವ ಔಷಧಿ ಇಲ್ಲ. ನೀರು, ರಕ್ತದೊತ್ತಡ, ರಕ್ತಸ್ರಾವಗಳನ್ನು ನೋಡಿಕೊಳ್ಳುವುದೇ ಚಿಕಿತ್ಸೆ. ಆದ್ದರಿಂದ ಬೇಗ ಆಸ್ಪತ್ರೆ ಸೇರುವುದು ಮುಖ್ಯ. ಮೈಕೈ ನೋವಿಗೆಂದು ಅಂಗಡಿಯಿಂದ ಬ್ರೂಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ಗುಳಿಗೆ ತಂದು ನುಂಗಬೇಡಿ, ಸೂಜಿಯನ್ನೂ ಹಾಕಿಸಿಕೊಳ್ಳಬೇಡಿ, ರಕ್ತಸ್ರಾವ ಹೆಚ್ಚೀತು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ರೋಗಿಯನ್ನು ದೂರ ಇಡುವುದು, ಮನೆಯವರನ್ನು ಬಾವಿಗೆ ಬಿಡದಿರುವುದು ಇವೆಲ್ಲ ಬೇಡ.

ಲಸಿಕೆ ಇಲ್ಲವೇ ಎಂದು ಕೇಳುತ್ತೀರಿ. ಬಹುಕಾಲ ಒಂದು ಲಸಿಕೆ ಬಳಕೆಯಲ್ಲಿತ್ತು. ಅದರ ಶಕ್ತಿ ಸಾಲದೆಂದು ಕಂಡುಬಂದು 2022ರಲ್ಲಿ ನಿಲ್ಲಿಸಲಾಯಿತು. ಹೊಸ ಲಸಿಕೆಯ ಕಾರ್ಯವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿದೆ. ಅದು ಕೈಸೇರುವವರೆಗೆ ಮೈಮುಚ್ಚುವ ಬಟ್ಟೆ, ಮತ್ತು ಆರೋಗ್ಯ ಇಲಾಖೆ ಮಲೆನಾಡಿನಲ್ಲಿ ಹಂಚುವ ಡೇಪಾ ಎಣ್ಣೆ, ಇವೇ ನಮ್ಮ ಕವಚ. ತೋಟಕ್ಕೆ ಹೊರಡುವ ಮುನ್ನ ಕೈಕಾಲು, ಕುತ್ತಿಗೆಗೆ ಎಣ್ಣೆ ಹಚ್ಚಿಕೊಳ್ಳಿ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಸಂಜೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಕಚ್ಚಿಕೊಂಡ ಉಣ್ಣೆಯನ್ನು ಚಿಮುಟದಿಂದ ಚರ್ಮದ ಹತ್ತಿರವೇ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯ ಬೆಂಕಿ ತಾಗಿಸುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಿಂದ ಹಿಸುಕುವುದು ಸರಿಯಲ್ಲ.

ಇನ್ನು ಮಂಗಗಳನ್ನು ಓಡಿಸಬೇಕು, ಕೊಲ್ಲಬೇಕು ಎನ್ನುವವರಿಗೊಂದು ಮಾತು. 2016ರಿಂದ 2018ರವರೆಗೆ ಬ್ರೆಜಿಲ್‌ನಲ್ಲಿ ಹಳದಿ ಜ್ವರ ಎದ್ದಾಗ ಹೆದರಿದ ಜನ ಕೆಲವೆಡೆ ಮಂಗಗಳನ್ನು ಹೊಡೆದು ಕೊಂದರು. ಅಲ್ಲಿ ರೋಗ ಹರಡುವುದು ಸೊಳ್ಳೆ. ಮಂಗಗಳ ಸಾವು ರೋಗ ಯಾವ ಕಡೆ ಸಾಗುತ್ತಿದೆ ಎಂದು ತೋರಿಸುತ್ತಿತ್ತು. ಮಂಗಗಳನ್ನೇ ಕೊಂದರೆ ಮುನ್ಸೂಚನೆ ಎಲ್ಲಿಂದ ಬರಬೇಕು? ನಮ್ಮೂರಿನಲ್ಲಿ ಮಂಗ ಸತ್ತರೆ ಹಾರ ಹಾಕುವ ಭಕ್ತಿಯನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಬರಿಗೈಯಿಂದ ಎತ್ತಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ತಂತಿಗೆ ಸಿಕ್ಕದೆ, ವಾಹನಕ್ಕೆ ಸಿಕ್ಕದೆ ಸುಮ್ಮನೆ ಸತ್ತಿದ್ದರೆ, ಅಥವಾ ಒಂದರ ಹಿಂದೆ ಒಂದು ಸಾಯುತ್ತಿದ್ದರೆ, ಪಶು ಆಸ್ಪತ್ರೆಗೋ ಅರಣ್ಯ ರಕ್ಷಕರಿಗೋ ಅದೇ ದಿನ ತಿಳಿಸಿ. ಅವರು ನೋಡಿದ ಮೇಲೆ ಭಜನೆ ನಡೆಯಲಿ.

ಆ ದಿನ ಬಂದಿದ್ದ ಇಬ್ಬರಲ್ಲಿ ಒಬ್ಬ ಈಚೆಗೆ ಮತ್ತೆ ಬಂದಿದ್ದ. ಈ ಸಲ ಹೆಂಡತಿಯೊಡನೆ ಚಿಕ್ಕಮಗಳೂರು ಕಡೆಯ ಕಾಫಿ ತೋಟಕ್ಕೆ ಹೊರಟಿದ್ದಾನಂತೆ. 'ಅಲ್ಲಿ ಮಂಗ್ಯಾ ಸತ್ರ ಯಾರಿಗೆ ಹೇಳಬೇಕ್ರಿ?' ಎಂದ. ಮೊದಲು ತೋಟದ ಮೇಸ್ತ್ರಿಗೆ ಹೇಳು, ಅವನು ಕಿವಿಗೆ ಹಾಕಿಕೊಳ್ಳದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಹೇಳು ಎಂದೆ. ನನ್ನ ಪೆನ್ನನ್ನೇ ಕೇಳಿ ಪಡೆದು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದುಕೊಂಡು ಹೋದ.